ಸಣ್ಣಾಕಿಯ ತವರಿನ ಬೆಣ್ಣೆಹಣ್ಣು

ನಮ್ಮ ಮನೆಗೆ ಬೆಣ್ಣೆಹಣ್ಣು ಬಂದದ್ದು ನನ್ನ ನೆಗೆಣ್ಣಿಯ ಬೆನ್ನ ಹಿಂದೆಯೇ. ಮೈದುನನ ಮದುವೆಯಾಗಿ ಅವಳು ತಾಂಡೂರಿಗೆ ಕಾಲಿಟ್ಟ ವರ್ಷ, ಮಳೆಗಾಲದಲ್ಲಿ, ಅವಳ ತವರಿನಿಂದ ಒಂದು ಬಿದಿರಿನ ಬುಟ್ಟಿ ರೈಲಿನಲ್ಲಿ ಬಂತು. ಬೆಂಗಳೂರಿನ ಹೊರಗೆ ಅವಳ ಅಪ್ಪನಿಗೆ ಹಣ್ಣಿನ ತೋಟವಿತ್ತು. ನಮ್ಮ ಮಾವ ಶ್ರೀಶೈಲಕ್ಕೆ ಹೋದಾಗ ಅವರ ಪರಿಚಯವಾಗಿ, ಮಾತಿಗೆ ಮಾತು ಬೆಳೆದು, ಮೈಸೂರು ಸೀಮೆಯಿಂದ ನಿಜಾಮರ ಸೀಮೆಗೆ ಒಂದು ಸಂಬಂಧ ಕೂಡಿತ್ತು. ನಾನು ಹಿರಿಯ ಸೊಸೆ. ನನ್ನ ತವರು ನಾರಾಯಣಖೇಡದ ಕಡೆಯ ಮನೂರು. ಅಲ್ಲಿಂದ ನನಗೆ ಬರುತ್ತಿದ್ದದ್ದು ಜೋಳ, ಹೆಸರು, ಪುಂಡಿಸೊಪ್ಪು. ಚೀಲ ಬಂದರೆ ನಾನೇ ಎತ್ತಿ ಒಳಗಿಡುತ್ತಿದ್ದೆ. ಯಾರೂ ಬಂದು ನೋಡುತ್ತಿರಲಿಲ್ಲ.

ಆ ಬುಟ್ಟಿಯನ್ನು ಮಾತ್ರ ಮನೆಮಂದಿಯೆಲ್ಲ ಸುತ್ತ ಕೂತು ಬಿಚ್ಚಿದರು. ಭತ್ತದ ಹುಲ್ಲಿನೊಳಗೆ ಹಸಿರು ಹಸಿರಾದ ಕಾಯಿಗಳು. ಅತ್ತೆ ಒಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ‘ಇದೇನು ಬದನಿಕಾಯೋ, ಹಣ್ಣೋ?’ ಎಂದರು. ‘ಬೆಣ್ಣೆಹಣ್ಣು ಅತ್ತೆ. ಅಕ್ಕಿಯೊಳಗೆ ಹುಗಿದಿಟ್ರೆ ಹಣ್ಣಾಗತ್ತೆ’ ಎಂದಳು ಅವಳು. ಅವಳ ಮಾತೇ ಹಾಗೆ, ಮೆತ್ತಗೆ, ಪ್ರತಿಯೊಂದು ಶಬ್ದವನ್ನೂ ಒರೆಸಿ ಇಟ್ಟಂತೆ. ಅತ್ತೆಗೆ ಅದು ಎಷ್ಟು ಹಿಡಿಸಿತೆಂದರೆ ನೆರೆಯವರ ಮುಂದೆ ‘ಹಣ್ಣಾಗತ್ತೆ, ಹಣ್ಣಾಗತ್ತೆ’ ಎಂದು ಅವಳಂತೆಯೇ ಆಡಿ ತೋರಿಸಿ ನಗುತ್ತಿದ್ದರು. ನನ್ನ ಮಾತನ್ನು ಅವರು ಯಾವತ್ತೂ ಹಾಗೆ ಆಡಿ ತೋರಿಸಿದ್ದಿಲ್ಲ.

ನಮ್ಮ ಮಾವ ತೊಗರಿ ವ್ಯಾಪಾರಿ. ಉರ್ದು ಕಲಿತವರು, ಕಚೇರಿಯ ಮಂದಿಯೊಡನೆ ಕೂತು ಏಳುವವರು. ಆ ಹೊತ್ತಿಗೆ ಅವರ ಹಲ್ಲೆಲ್ಲ ಉದುರಿದ್ದವು. ಜೋಳದ ರೊಟ್ಟಿ ಬಿಟ್ಟರೆ ಅವರಿಗೆ ಊಟವಿಲ್ಲ, ಆದರೆ ರೊಟ್ಟಿ ಅಗಿಯಲು ಬಾಯಲ್ಲಿ ಏನೂ ಉಳಿದಿರಲಿಲ್ಲ. ನಾನು ಬಿಸಿ ರೊಟ್ಟಿಯನ್ನು ಮುರಿದು, ಮಜ್ಜಿಗೆಯಲ್ಲಿ ನೆನೆಸಿ, ಕೈಯಿಂದ ನುರಿದು ಕೊಡುತ್ತಿದ್ದೆ. ಬಂದವರ ಮುಂದೆ ಅವರು, ‘ನಮ್ಮ ಹಿರೇ ಸೊಸಿ ಅದಾಳಂತ ನಾ ಉಂಡೀನಿ ನೋಡ್ರಿ’ ಎನ್ನುತ್ತಿದ್ದರು. ಆ ಒಂದು ಮಾತಿನ ಮೇಲೆ ನಾನು ಅಡಿಗೆಮನೆ ನಡೆಸುತ್ತಿದ್ದೆ.

ಹಣ್ಣು ಮೆತ್ತಗಾದ ದಿನ ನೆಗೆಣ್ಣಿ ಅದನ್ನು ಎರಡು ಹೋಳು ಮಾಡಿ, ಚಮಚದಿಂದ ತಿರುಳು ತೆಗೆದು, ಸಕ್ಕರೆ, ಕಾಯಿಸಿ ಆರಿಸಿದ ಹಾಲು, ಏಲಕ್ಕಿ ಹಾಕಿ ಕಡೆದು ಬೆಳ್ಳಿ ಬಟ್ಟಲಿನಲ್ಲಿ ಮಾವನ ಮುಂದಿಟ್ಟಳು. ಅವರು ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ‘ಬಹುತ್ ಖೂಬ್! ಹಲ್ಲೇ ಬೇಕಿಲ್ಲಲ್ಲೋ ಇದಕ್ಕ!’ ಬಟ್ಟಲು ಬರಿದಾಗುವ ತನಕ ಚಮಚ ಕೆಳಗಿಡಲಿಲ್ಲ. ನಾನು ನೆನೆಸಿಟ್ಟ ರೊಟ್ಟಿ ಅವತ್ತು ಹಾಗೇ ಉಳಿಯಿತು. ಅದನ್ನು ಎಮ್ಮೆಯ ಬಾನಿಗೆ ಸುರಿದು ಬಂದೆ. ಆ ದಿನದಿಂದ ಅವಳು ಬಳೆ ಸದ್ದಾಗದಂತೆ ನಡೆಯುವುದು, ತಲೆ ಬಾಗಿಸಿ ನಗುವುದು, ಸೆರಗು ಸಿಕ್ಕಿಸುವ ರೀತಿ, ಯಾವುದೂ ನನಗೆ ಸೇರದೆ ಹೋಯಿತು.

ಮರುವರ್ಷ ಬುಟ್ಟಿ ದೊಡ್ಡದಾಗಿ ಬಂತು. ಮಳೆಗೆ ರೈಲುದಾರಿ ಕೆಟ್ಟು ವಾಡಿ ಸ್ಟೇಷನ್ನಿನಲ್ಲಿ ತಡವಾಗಿ, ನಮ್ಮ ಕೈಗೆ ಸಿಗುವಷ್ಟರಲ್ಲಿ ಮೇಲಿನ ಹಣ್ಣೆಲ್ಲ ಒಟ್ಟಿಗೇ ಮಾಗಿಬಿಟ್ಟಿದ್ದವು. ತಳದಲ್ಲಿ ಮಾತ್ರ ಕೆಲವು ಕಲ್ಲಿನಂತೆ ಗಟ್ಟಿ ಇದ್ದವು. ಜಹೀರಾಬಾದಿಗೆ ಕೊಟ್ಟ ನಾದಿನಿ ತನ್ನ ಅತ್ತೆಯನ್ನು ಕರೆದುಕೊಂಡು ಆ ವಾರವೇ ಬರುವವಳಿದ್ದಳು. ಅವರು ಬರುವ ತನಕ ಹಣ್ಣು ಹೇಗೆ ಉಳಿದೀತು ಎಂದು ಅತ್ತೆ ಪೇಚಾಡತೊಡಗಿದರು.

‘ನಾ ಹಲ್ವಾ ಮಾಡ್ತೀನಿ ಬಿಡ್ರಿ ಅತ್ತಿ. ಬೆಲ್ಲದ ಪಾಕಕ್ಕ ಹಾಕಿದ್ರ ಯಾವ ಹಣ್ಣಾದ್ರೂ ಇರ್ತದ’ ಎಂದೆ. ನನ್ನ ಮಾವಿನ ಹಣ್ಣಿನ ರಸಾಯನ, ನನ್ನ ಹುಣಸೆ ತೊಕ್ಕು ಓಣಿಗೆಲ್ಲ ಗೊತ್ತಿತ್ತು. ಈ ಹಣ್ಣೇನು ದೊಡ್ಡದು?

ದೊಡ್ಡ ಬೋಗುಣಿಯಲ್ಲಿ ಬೆಲ್ಲ ಕರಗಿಸಿ, ತಿರುಳು ಹಾಕಿ, ಕೈ ಸೋಲುವ ತನಕ ತಿರುವಿದೆ. ಬಣ್ಣ ಕೆಟ್ಟು ಕೆಸರಿನಂತಾಯಿತು. ಆದರೂ ಬಿಡಲಿಲ್ಲ. ಅತ್ತೆ ಬಂದು ಬೆರಳಿನಲ್ಲಿ ನೆಕ್ಕಿ ನೋಡಿದವರೇ ಮುಖ ಕಿವಿಚಿದರು. ‘ಎವ್ವಾ, ಇದು ಬೇವಾಗೇದಲ್ಲ!’ ನಾನೂ ನೆಕ್ಕಿದೆ. ಬೆಲ್ಲದ ಕೆಳಗಿನಿಂದ ಕಹಿ ಮೇಲೆದ್ದು ನಾಲಿಗೆ ಹಿಡಿಯಿತು.

ನೆಗೆಣ್ಣಿ ಬಾಗಿಲಲ್ಲಿ ನಿಂತಿದ್ದಳು. ‘ಜಾಸ್ತಿ ಹೊತ್ತು ಬೇಯಿಸಿದ್ರೆ ಕಹಿಯಾಗತ್ತೆ ಅಕ್ಕ. ನಮ್ಮಮ್ಮಾನೂ ಒಂದ್ಸಲ ಹೀಗೇ ಮಾಡಿದ್ರು.’

‘ಮೊದಲ ಹೇಳಾಕ ನಿನಗ ಬಾಯಿ ಇದ್ದಿಲ್ಲೇನು?’

‘ನೀವು ಕೇಳ್ಲಿಲ್ವಲ್ಲ’ ಎಂದಳು. ಕೊಂಕಿಲ್ಲದೆಯೇ ಅಂದಳು. ಅದೇ ನನಗೆ ಇನ್ನಷ್ಟು ಚುಚ್ಚಿತು.

ಮರುದಿನ ಅವಳ ಸರದಿ. ತಿರುಳನ್ನು ತೆಳ್ಳಗೆ ಹೋಳು ಮಾಡಿ, ಹಳೆ ಧೋತರದ ಮೇಲೆ ಹರವಿ, ಮಳೆ ಬಿಟ್ಟ ಹೊತ್ತು ನೋಡಿ ಮಾಳಿಗೆಯ ಮೇಲೆ ಬಿಸಿಲಿಗೆ ಒಣಗಲು ಇಟ್ಟಳು. ಸಂಜೆಗೆ ಹೋಳುಗಳು ಕಪ್ಪಾಗಿ, ಹಳೆಯ ದೀಪದೆಣ್ಣೆಯ ವಾಸನೆ ಹೊಡೆಯುತ್ತಿದ್ದವು. ಅವಳು ಅವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಒಯ್ಯುವುದನ್ನು ನೋಡಿದೆ. ಅವತ್ತು ನನಗೆ ಊಟ ರುಚಿಸಿತು.

ಎಲ್ಲರೂ ಮಲಗಿದ್ದ ಮಧ್ಯಾಹ್ನ ನಾನೊಬ್ಬಳೇ ಉಳಿದ ಹಣ್ಣಿನ ಮುಂದೆ ಕೂತೆ. ಬೆಂಕಿ ಇದಕ್ಕೆ ಆಗದು, ಬಿಸಿಲೂ ಆಗದು. ಹಾಗಾದರೆ ಇದನ್ನು ಹಣ್ಣೆಂದು ತಿಳಿಯುವುದನ್ನೇ ಬಿಟ್ಟು ಬೆಣ್ಣೆಯೆಂದೇ ತಿಳಿದರೆ? ಜೋಳದ ಹಿಟ್ಟಿಗೆ ತಿರುಳನ್ನು ಹಾಕಿ, ಜೀರಿಗೆ, ಹಸಿಮೆಣಸಿನಕಾಯಿ, ಉಪ್ಪು ಸೇರಿಸಿ, ಸ್ವಲ್ಪವೇ ಬಿಸಿನೀರು ಚಿಮುಕಿಸಿ ನಾದಿದೆ. ಹಿಟ್ಟು ಕೈಗೆ ಅಂಟದೆ ಮೆತ್ತಗೆ ಬಂತು. ತಟ್ಟಿ ಹಂಚಿಗೆ ಹಾಕಿದೆ. ಹಂಚಿನ ಮೇಲೆ ಇರುವುದು ಒಂದು ಗಳಿಗೆ ಅಷ್ಟೇ, ಕಹಿಯಾಗಲು ಹೊತ್ತಿಲ್ಲ. ಮುರಿದು ನೋಡಿದರೆ ರೊಟ್ಟಿ ತುಟಿಯಲ್ಲೇ ಕರಗುವಂತಿತ್ತು.

ಹುರುಪು ಬಂತು. ಇನ್ನೊಂದಿಷ್ಟು ತಿರುಳನ್ನು ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಪ್ಪು, ಧಾರಾಳ ಲಿಂಬೆರಸದೊಡನೆ ಕುಟ್ಟಿ, ಗಾಳಿ ಉಳಿಯದಂತೆ ಭರಣಿಯಲ್ಲಿ ಒತ್ತಿ ತುಂಬಿ, ಮೇಲೆ ಕುಸುಬಿ ಎಣ್ಣೆ ಹೊಯ್ದೆ. ಆ ಭರಣಿಯನ್ನು ಕುಡಿಯುವ ನೀರಿನ ಗಡಿಗೆಯ ಕೆಳಗಿನ ಹಸಿ ಮರಳಿನಲ್ಲಿ ಹೂತಿಟ್ಟೆ. ತಳದ ಗಟ್ಟಿ ಕಾಯಿಗಳನ್ನು ಮಾವಿನಕಾಯಿಯಂತೆ ಹೆಚ್ಚಿ, ಉಪ್ಪು, ಖಾರದ ಪುಡಿ, ಸಾಸಿವೆ, ಲಿಂಬೆರಸದಲ್ಲಿ ಮುಳುಗಿಸಿ ಉಪ್ಪಿನಕಾಯಿ ಹಾಕಿದೆ.

ನಾದಿನಿ ಬಂದ ದಿನ ಭರಣಿ ತೆಗೆದೆ. ಎಣ್ಣೆಯ ಕೆಳಗೆ ಚಟ್ನಿ ಇನ್ನೂ ಹಸಿರಾಗಿತ್ತು. ರೊಟ್ಟಿ, ಚಟ್ನಿ, ಉಪ್ಪಿನಕಾಯಿ ಬಡಿಸಿದೆವು. ಮಾವ ಮೂರು ವರ್ಷದ ಮೇಲೆ ರೊಟ್ಟಿಯನ್ನು ಮಜ್ಜಿಗೆಯಿಲ್ಲದೆ, ಎಲ್ಲರಂತೆ ಕೈಯಲ್ಲಿ ಮುರಿದುಕೊಂಡು ಉಂಡರು. ನಾದಿನಿ ಬೆರಳು ಚೀಪುತ್ತ, ‘ಬೆಂಗಳೂರಾಕಿ ಕೈಗೆ ಸೋತೆ ನೋಡವ್ವಾ! ಇಂಥ ಸೊಸಿ ಸಿಗಾಕ ಪುಣ್ಯ ಬೇಕು’ ಎಂದಳು.

ನನ್ನ ಕೈಯಲ್ಲಿದ್ದ ರೊಟ್ಟಿಯ ಬುಟ್ಟಿ ಭಾರವಾಯಿತು. ಬಾಯಿ ತೆರೆಯುವಷ್ಟರಲ್ಲಿ ನೆಗೆಣ್ಣಿಯೇ ಹೇಳಿದಳು: ‘ಇದೆಲ್ಲ ಅಕ್ಕ ಮಾಡಿದ್ದು. ನನಗೆ ಹೀಗೆ ಮಾಡಬಹುದು ಅಂತಾನೂ ಗೊತ್ತಿರಲಿಲ್ಲ.’

ಎಲ್ಲರೂ ನನ್ನ ಕಡೆ ತಿರುಗಿದರು. ನಾದಿನಿ, ‘ಹೌದೇನ್ರಿ ವೈನಿ?’ ಎಂದು ನಕ್ಕಳು. ಅಷ್ಟರಲ್ಲೇ ಅವಳ ಅತ್ತೆ ನೆಗೆಣ್ಣಿಯ ಬೆನ್ನು ಸವರಿ, ‘ಎಷ್ಟು ದೊಡ್ಡ ಮನಸು ನಿಂದು, ನಮ್ಮವ್ವಾ! ತಾ ಮಾಡಿಲ್ಲಂತ ತಾನೇ ಹೇಳ್ತಾಳ ನೋಡು’ ಎಂದರು. ಉಂಡದ್ದು ನನ್ನ ಅಡಿಗೆ, ಹೊಗಳಿದ್ದು ಅವಳ ಮನಸ್ಸು. ನನಗೆ ಸಲ್ಲಬೇಕಾದದ್ದು ಕೂಡ ಅವಳ ಕೈಯಿಂದ ದಾಟಿಯೇ ನನಗೆ ಬರಬೇಕೆ ಎಂದು ಒಳಗೇ ಕುದಿದೆ.

ಅದರ ಮುಂದಿನ ವರ್ಷ ಅವಳ ಅವ್ವನೇ ಬುಟ್ಟಿ ಹಿಡಿದು ಬಂದರು. ನನ್ನ ರೊಟ್ಟಿಯ ಸುದ್ದಿ ಅಲ್ಲಿಯ ತನಕ ಮುಟ್ಟಿತ್ತು. ಒಲೆಯ ಮುಂದೆ ನನ್ನ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತು, ಎಷ್ಟು ಹಿಟ್ಟಿಗೆ ಎಷ್ಟು ತಿರುಳು ಎಂದು ಕೇಳಿ ಕೇಳಿ ಕಲಿತರು. ಕೊನೆಗೆ ಮಗಳ ಕಡೆ ತಿರುಗಿ, ‘ಹುಟ್ಟಿದಾಗಿನಿಂದ ಆ ಮರದ ಕೆಳಗೇ ಆಡಿದೋಳು ನೀನು. ನಿನಗೆ ಇದೊಂದೂ ಹೊಳೀಲಿಲ್ವಲ್ಲೇ!’ ಎಂದರು.

ನೆಗೆಣ್ಣಿ ನಕ್ಕಳು. ಆದರೆ ಆ ನಗು ತುಟಿಯಲ್ಲೇ ನಿಂತು ಹೋಯಿತು. ಮೂಗಿನ ಹೊಳ್ಳೆ ಬಿಗಿದು, ಕಣ್ಣು ನನ್ನ ಕೈಯ ಮೇಲೆ ನೆಟ್ಟಿತು. ಆ ನೋಟವನ್ನು ನಾನು ಗುರುತು ಹಿಡಿಯದೆ ಇರುತ್ತೇನೆಯೇ? ಎರಡು ವರ್ಷ ನಾನು ಅವಳನ್ನು ನೋಡಿದ್ದೇ ಹಾಗೆ. ಹಿಟ್ಟು ನಾದುತ್ತಲೇ ನನಗೆ ಬೇಕಾದಷ್ಟು ಸಂತೋಷವಾಯಿತು.

ಅವಳ ಅವ್ವ ಹೋದ ಮರುದಿನವೇ ಒಳಗಿದ್ದದ್ದು ಹೊರಗೆ ಬಂತು. ಬುಟ್ಟಿಗೆ ಕೈ ಹಾಕಲು ಹೋದರೆ, ‘ಇದು ನಮ್ಮ ತೋಟದ್ದು ಅಕ್ಕ. ಈ ಸಲ ನಾನು ಮಾಡ್ತೀನಿ’ ಎಂದಳು. ‘ತೋಟ ನಿಮ್ಮದು, ಒಲಿ ನಂದು’ ಎಂದೆ. ಮೊದಲ ಸಲ ಅವಳ ದನಿ ಏರಿತು. ಅತ್ತೆ ಬಂದು ಹಣ್ಣನ್ನು ಎರಡು ಪಾಲು ಮಾಡಿದರು. ಅವಳು ತನ್ನ ಪಾಲಿಗೆ ಗಟ್ಟಿ ಮೊಸರು, ಉಳ್ಳಾಗಡ್ಡಿ, ಕೊತ್ತಂಬರಿ ಸೇರಿಸಿ ಬಜ್ಜಿ ಮಾಡಿದಳು. ಚೆನ್ನಾಗಿತ್ತು. ಚೆನ್ನಾಗಿದೆ ಎಂದು ನಾನು ಹೇಳಲಿಲ್ಲ. ನಾನು ಹುಣಸೆರಸ ಸೇರಿಸಿ ತೊಕ್ಕು ಮಾಡಿದೆ. ಅವಳೂ ಬೆರಳು ಅದ್ದಿ ನೋಡಿ ಸುಮ್ಮನೆ ಹೋದಳು. ಹೀಗೆ ಒಬ್ಬರಿಗೊಬ್ಬರು ಸೋಲದೆ, ಆ ಬುಟ್ಟಿ ಬರಿದಾಗುವ ತನಕ ನಮ್ಮ ಮನೆಯಲ್ಲಿ ದಿನಕ್ಕೊಂದು ಹೊಸ ಅಡಿಗೆ. ಮಾವ ಎರಡೂ ಬಟ್ಟಲು ಖಾಲಿ ಮಾಡುತ್ತಿದ್ದರು. ಯಾವುದು ಹೆಚ್ಚು ರುಚಿ ಎಂದು ಇಬ್ಬರಲ್ಲಿ ಯಾರು ಕೇಳಿದರೂ, ‘ನೀರು ಕೊಡ್ರವ್ವಾ’ ಎಂದು ಜಾರಿಕೊಳ್ಳುತ್ತಿದ್ದರು.

ಆಮೇಲೊಂದು ವರ್ಷ ಅವಳು ಹೆರಿಗೆಗೆ ತವರಿಗೆ ಹೋದಳು. ಬುಟ್ಟಿ ಮಾತ್ರ ತಪ್ಪದೆ ಬಂತು. ಅಷ್ಟೂ ಹಣ್ಣು ನನ್ನದೇ, ಪಾಲು ಕೇಳುವವರಿಲ್ಲ. ರೊಟ್ಟಿ, ಚಟ್ನಿ, ತೊಕ್ಕು, ಉಪ್ಪಿನಕಾಯಿ ಎಲ್ಲವನ್ನೂ ನನ್ನ ಮನಸ್ಸಿನಂತೆ ಮಾಡಿ ಮಾವನಿಗೆ ಬಡಿಸಿದೆ. ಅವರು ಯಾವತ್ತಿಗಿಂತ ಒಂದು ರೊಟ್ಟಿ ಹೆಚ್ಚೇ ಉಂಡರು. ನಾನು ಹತ್ತಿರವೇ ನಿಂತು ಕಾದೆ.

ಕೈ ತೊಳೆದು, ಬಾಯಿ ಒರೆಸಿಕೊಂಡು, ‘ಸಣ್ಣಾಕಿ ಯಾವಾಗ ಬರ್ತಾಳ?’ ಎಂದರು.

‘ದೀಪಾವಳಿ ಆದಮ್ಯಾಗ ಬರ್ತಾಳ್ರಿ’ ಎಂದೆ, ತಾಟು ಎತ್ತಿಕೊಂಡು ಒಳಗೆ ಹೋದೆ.