ಪೆಟ್ಟಿಗೆಯ ತಳದ ರವದಿ

ಗುಡಿಯ ಪೆಟ್ಟಿಗೆಯಿಂದ ರೊಟ್ಟಿ ತೆಗೆದವಳು ನಾನು. ಗಂಗವ್ವ ಅಲ್ಲ. ಇಷ್ಟು ವರ್ಷ ಊರು ಅವಳ ಹೆಸರು ಹೇಳುವಾಗ ನಾನು ಸುಮ್ಮನಿದ್ದೆ. ಸುಮ್ಮನಿದ್ದೆ ಎನ್ನುವುದೂ ಸುಳ್ಳು — ಬರೀ ಸುಮ್ಮನಿದ್ದಿದ್ದರೆ ಎಷ್ಟೋ ವಾಸಿಯಿತ್ತು. ನಾನು ಎಲ್ಲರೆದುರು ಬಾಯಿ ಬಿಟ್ಟು ಅವಳನ್ನು ಕ್ಷಮಿಸಿದೆ.

ಯಾವ ಪೆಟ್ಟಿಗೆ, ಯಾವ ರೊಟ್ಟಿ ಎಂದು ಕೇಳುತ್ತೀರಿ. ನಮ್ಮೂರು ಹಾನಗಲ್ ತಾಲೂಕಿನಲ್ಲಿ ವರದಾ ಹೊಳೆಯ ದಂಡೆಗಿದೆ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಮೊದಲು ಮುಳುಗುವುದು ಸೇತುವೆ. ಸೇತುವೆ ಮುಳುಗಿತೆಂದರೆ ಬಸ್ಸಿಲ್ಲ, ಕರೆಂಟಿಲ್ಲ, ಫೋನು ಹತ್ತುವುದಿಲ್ಲ. ಕೆಳಗಿನ ಓಣಿಗೆ ನೀರು ನುಗ್ಗುತ್ತದೆ, ಅಲ್ಲಿಯವರೆಲ್ಲ ದಿಬ್ಬದ ಮೇಲಿನ ಬಸವಣ್ಣನ ಗುಡಿಗೆ ಬರುತ್ತಾರೆ. ಸರಕಾರ ಬರುವುದೇ ಇಲ್ಲ ಎಂದು ನಾನು ಹೇಳಲಾರೆ. ಬರುತ್ತದೆ, ನೀರು ಇಳಿದ ಮೇಲೆ. ಜೀಪಿನಿಂದ ಇಳಿದ ಸಾಹೇಬರು ಗೋಡೆಯ ಮೇಲೆ ನೀರು ಬಿಟ್ಟುಹೋದ ಗೆರೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಈ ಸಲ ಎತ್ತರದ ಸೇತುವೆ ಆಗಿಯೇ ಆಗುತ್ತದೆ ಎಂದು ಹೇಳಿ, ಚಹಾ ಕುಡಿದು ಹೋಗುತ್ತಾರೆ. ನಮ್ಮ ಅತ್ತೆಗೂ ಹಾಗೆಯೇ ಹೇಳಿದ್ದರಂತೆ.

ಅದಕ್ಕೇ ನಮ್ಮೂರ ಹೆಂಗಸರು ಸೇತುವೆಯ ಮಾತು ಬಿಟ್ಟು ರೊಟ್ಟಿಯನ್ನು ನಂಬಿದರು. ಬೇಸಿಗೆಯ ಬಿಸಿಲು ಇರುವಾಗಲೇ ಮನೆಮನೆಯಲ್ಲೂ ಜೋಳದ ರೊಟ್ಟಿ ಬಡಿದು, ಖಡಕ್ ಆಗುವವರೆಗೆ ಒಣಗಿಸಿ, ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ ಗುಡಿಗೆ ತರುತ್ತೇವೆ. ಒಳಕೋಣೆಯಲ್ಲಿ ಒಂದು ದೊಡ್ಡ ತಗಡಿನ ಪೆಟ್ಟಿಗೆ ಇದೆ. ರೊಟ್ಟಿಯ ಜೊತೆಗೆ ಶೇಂಗಾ ಚಟ್ನಿಪುಡಿ, ಬೆಲ್ಲ. ಹೊಳೆ ಬಂದರೆ ಅದು ದಿಬ್ಬ ಹತ್ತಿದವರ ಹೊಟ್ಟೆಗೆ. ಬಾರದಿದ್ದರೆ ಮಳೆಗಾಲ ಮುಗಿದ ಮೇಲೆ ಶೀಗಿಹುಣ್ಣಿಮೆಗೆ ಹೊಲದಲ್ಲಿ ಎಲ್ಲರೂ ಕೂಡಿ ಮಜ್ಜಿಗೆಯಲ್ಲಿ ಮುರಿದು ಉಣ್ಣುತ್ತೇವೆ. ಪೆಟ್ಟಿಗೆಯ ಚಾವಿ ವರ್ಷಕ್ಕೊಂದು ಮನೆಯದು. ಮಳೆ ಹಿಡಿಯುವ ಹೊತ್ತಿನ ಕಾರಹುಣ್ಣಿಮೆಯಂದು ಚಾವಿ ಕೊಡುವವಳೂ ತೆಗೆದುಕೊಳ್ಳುವವಳೂ ಕೂಡಿ ಪೆಟ್ಟಿಗೆ ತೆರೆದು, ತಳದವರೆಗೆ ಕೈಯಾಡಿಸಿ ನೋಡಬೇಕು. ಅದು ಅತ್ತೆಯರ ಕಾಲದಿಂದ ಬಂದ ಪದ್ಧತಿ.

ಆ ವರ್ಷ ಚಾವಿ ನನ್ನ ಸೆರಗಿನಲ್ಲಿತ್ತು. ಬೇಸಿಗೆಯಲ್ಲಿ ಪೆಟ್ಟಿಗೆ ತುಂಬಿದ ಮೇಲೆ ಮಗಳು ಸುಮಾಳ ನಿಶ್ಚಯ ಕಾರ್ಯ ನಮ್ಮ ಮನೆಯಲ್ಲಿ. ಸವಣೂರಿನ ಬೀಗರು ಒಂದು ಗಾಡಿ ಮಂದಿ ಬರುತ್ತೇವೆ ಎಂದವರು ಎರಡು ಗಾಡಿ ತುಂಬಿಕೊಂಡು ಬಂದರು. ಮಾದಲಿ ಇತ್ತು, ಎಣ್ಣೆಗಾಯಿ ಇತ್ತು, ರೊಟ್ಟಿಯ ಬುಟ್ಟಿ ಮಾತ್ರ ಮೊದಲ ಪಂಕ್ತಿಗೇ ಬರಿದಾಯಿತು. ನಮ್ಮ ಕಡೆ ಬೀಗರ ಎಲೆಗೆ ರೊಟ್ಟಿ ಕಡಿಮೆ ಬಿತ್ತು ಎಂದರೆ ಮುಗಿಯಿತು, ಮೊಮ್ಮಕ್ಕಳ ಮದುವೆಯವರೆಗೂ ಅದೇ ಮಾತು! ಓಣಿಯವರನ್ನು ಕೇಳಿದ್ದರೆ ಕೊಡುತ್ತಿದ್ದರು. ಕೇಳಲಿಲ್ಲ. ಶಾಂತವ್ವನ ಮನೆಯಲ್ಲಿ ರೊಟ್ಟಿ ಸಾಲಲಿಲ್ಲ ಎನಿಸಿಕೊಳ್ಳುವುದು ನನಗೆ ಬೇಡವಾಗಿತ್ತು. ಹಿತ್ತಲ ಬಾಗಿಲಿನಿಂದ ಹೋಗಿ, ಗುಡಿಯ ಪೆಟ್ಟಿಗೆ ತೆರೆದು, ಕೈಗೆ ಬಂದಷ್ಟು ಗಂಟು ಎತ್ತಿಕೊಂಡು ಬಂದೆ.

ಬೀಗತಿ ರೊಟ್ಟಿ ಮುರಿದು ಬಾಯಿಗಿಟ್ಟು, "ಎಷ್ಟ್ ತೆಳ್ಳಗ ಬಡದೀರಿ! ಭಾಳ ಛಲೋ ಆಗ್ಯಾವ್ರಿ" ಎಂದರು.

"ಎಲ್ಲಾ ನನ್ನ ಕೈಲೇ ಮಾಡಿದ್ದರಿ" ಎಂದೆ. ಊರಿನ ಎಲ್ಲ ಮನೆಯ ಕೈಗಳೂ ಆ ಬುಟ್ಟಿಯಲ್ಲಿದ್ದವು. ನನ್ನದು ಒಂದನ್ನು ಬಿಟ್ಟು.

ಮತ್ತೆ ಬಡಿದು ತುಂಬಿಬಿಡುತ್ತೇನೆ ಎಂದುಕೊಂಡಿದ್ದೆ, ನಿಜವಾಗಿಯೂ. ಆದರೆ ಮದುವೆಯ ಓಡಾಟ ಹಿಡಿಯಿತು, ಆಮೇಲೆ ಮೋಡ ಕವಿಯಿತು, ಬಡಿದ ರೊಟ್ಟಿ ಒಣಗದೆ ಬೂಸು ಹಿಡಿಯಿತು, ಕಾರಹುಣ್ಣಿಮೆ ಬಂದೇಬಿಟ್ಟಿತು. ಆಗ ನಾನು ಮಾಡಿದ್ದು — ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಗೋವಿನಜೋಳದ ತೆನೆ ಸುಲಿದಾಗ ಉಳಿದ ಒಣ ಸಿಪ್ಪೆ, ನಾವು ರವದಿ ಎನ್ನುತ್ತೇವಲ್ಲ, ಅದನ್ನು ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ ಪೆಟ್ಟಿಗೆಯ ತಳಕ್ಕೆ ತುಂಬಿದೆ. ಉಳಿದ ರೊಟ್ಟಿಯ ಗಂಟುಗಳನ್ನು ಅದರ ಮೇಲೆ ಜೋಡಿಸಿದೆ. ಎಷ್ಟು ಚೆಂದ ಜೋಡಿಸಿದ್ದೆ ಎಂದರೆ ನನಗೇ ಪೆಟ್ಟಿಗೆ ತುಂಬಿದೆ ಎನ್ನಿಸಿತು.

ಮುಂದಿನ ಚಾವಿ ಗಂಗವ್ವನದು. ಅವಳು ನನ್ನ ನೆಗೆಣ್ಣಿ, ನನ್ನ ಮೈದುನನ ಹೆಂಡತಿ. ಪಕ್ಕದ ಮನೆ, ನಡುವೆ ಒಂದೇ ಗೋಡೆ. ನನ್ನನ್ನು ಯಕ್ಕಾ ಯಕ್ಕಾ ಎಂದುಕೊಂಡೇ ಆ ಮನೆಗೆ ಬಂದವಳು. ಹುಣ್ಣಿಮೆಯಂದು ಅವಳು ಪೆಟ್ಟಿಗೆ ತೆರೆದು ಕೈ ಚಾಚಿದಾಗ ನಾನೇ ತಡೆದೆ.

"ನೋಡೂದೇನೈತಿ ಗಂಗವ್ವ, ನಾ ಎಲ್ಲಾ ನೋಡೇನಿ. ನನ್ನ ಮ್ಯಾಲೆ ನಂಬಿಕಿ ಇಲ್ಲೇನು?"

"ಅಯ್ಯ ಯಕ್ಕಾ, ಏನ್ ಮಾತಂತ ಆಡ್ತಿ!" ಎಂದು ನಕ್ಕು, ಬೀಗ ಹಾಕಿ ಚಾವಿ ತೆಗೆದುಕೊಂಡು ಹೋದಳು.

ಆ ವರ್ಷ ಹೊಳೆ ಬಂತು. ಕೆಳಗಿನ ಓಣಿಯವರು ಕೈಗೆ ಸಿಕ್ಕಿದ್ದನ್ನು ಹಿಡಿದು ದಿಬ್ಬ ಹತ್ತಿದರು. ಮೊದಲ ದಿನ ಊಟ ಆಯಿತು. ಎರಡನೆಯ ದಿನ ಪೂಜಾರಿಯ ಹೆಂಡತಿ ಚನ್ನವ್ವ ಕೆಳಗಿನ ಗಂಟು ಬಿಚ್ಚಿದಳು — ರವದಿ. ಇನ್ನೊಂದು ಬಿಚ್ಚಿದಳು — ರವದಿ. ಸೌದೆ ಒದ್ದೆ, ಮೇಲಿನ ಓಣಿಯಲ್ಲೂ ಹಿಟ್ಟು ಬೀಸಲು ಕರೆಂಟಿಲ್ಲ. ಇದ್ದ ಮನೆಯವರು ಇದ್ದಷ್ಟು ತಂದು ಕೊಟ್ಟರು, ಹಂಚಿದರೆ ತುತ್ತು ತುತ್ತು ಬಂತು. ಗುಡಿಯ ಮೂಲೆಯಲ್ಲಿ ನೀಲವ್ವ ಎಂಬ ಬಾಣಂತಿ ಹಸಿದ ಹೊಟ್ಟೆಯಲ್ಲಿ ಕೂಸಿಗೆ ಮೊಲೆ ಕೊಡುತ್ತಿದ್ದಳು. ಕೂಸು ಸಾಲದೆ ಅಳುತ್ತಿತ್ತು. ಆ ಅಳು ಕೇಳುತ್ತ ನಾನು ಅಲ್ಲೇ ನಿಂತಿದ್ದೆ.

ಎಲ್ಲರೂ ಗಂಗವ್ವನನ್ನು ನೋಡಿದರು. ಚಾವಿ ಅವಳದಲ್ಲವೇ? ಚನ್ನವ್ವ ಮೆಲ್ಲಗೆ, "ಬಿತ್ತಗಿ ದಿನದಾಗ ನಿಮ್ಮ ಹೊಲದಾಗ ಕೂಲ್ಯಾಳು ಭಾಳ ಇದ್ರಲ್ಲವಾ, ರೊಟ್ಟಿ ಭಾಳ ಬೇಕಾಗಿದ್ವೇನೋ" ಎಂದಳು. ಗಂಗವ್ವ ನನ್ನ ಕಡೆ ತಿರುಗಿದಳು. ನಾನೇ ಎಲ್ಲಾ ನೋಡಿದ್ದೇನೆ ಎಂದು ಹೇಳಿದ್ದೆನಲ್ಲ, ಸಾಕ್ಷಿಗೆ ಇರುವವಳು ನಾನೊಬ್ಬಳೇ. ಆಗ ನಾನು ಅಂದೆ —

"ಹೋಗ್ಲಿ ಬಿಡ್ರೆವಾ. ಮನಶ್ಯಾಗ ತಪ್ಪು ಆಗ್ತೈತಿ. ನಮ್ಮ ಗಂಗವ್ವ ಅಲ್ಲೇನು."

ನೋಡಿ, ಬೈಗುಳವಾಗಿದ್ದರೆ ಅವಳು ತಿರುಗಿ ಬೈಯಬಹುದಿತ್ತು. ಆಣೆ ಮಾಡಬಹುದಿತ್ತು. ಕ್ಷಮೆಗೆ ಏನು ಉತ್ತರ ಕೊಡುತ್ತಾಳೆ? ಆ ಒಂದು ಮಾತಿನಿಂದ ಅವಳು ಕಳ್ಳಿಯಾದಳು, ನಾನು ದೊಡ್ಡ ಮನಸ್ಸಿನವಳಾದೆ. ವರ್ಷದ ಸರದಿ ನಿಂತುಹೋಗಿ ಚಾವಿ ಕಾಯಂ ಆಗಿ ನನ್ನ ಸೆರಗಿಗೇ ಬಂತು.

ಗಂಗವ್ವ ಅಂದಿನಿಂದ ಆ ಕೋಣೆಯ ಒಳಗೆ ಕಾಲಿಡಲಿಲ್ಲ. ರೊಟ್ಟಿ ಕೊಡುವುದನ್ನು ಬಿಟ್ಟಳೇ? ಇಲ್ಲ. ಪ್ರತಿ ಬೇಸಿಗೆ ಎಲ್ಲರಿಗಿಂತ ದೊಡ್ಡ ಗಂಟು ತಂದು ಹೊಸ್ತಿಲ ಮೇಲಿಟ್ಟು ಹೋಗುತ್ತಿದ್ದಳು. ಅದಕ್ಕಿಂತ ನನ್ನನ್ನು ಸುಟ್ಟದ್ದು ಬೇರೆ. ಒಮ್ಮೆ ನನಗೆ ಜ್ವರ ಬಂದಾಗ ಗಂಜಿ ಕುಡಿಸುತ್ತ, "ಊರೆಲ್ಲಾ ನನ್ನ ಕಳ್ಳಿ ಅಂದ್ರೂ ನೀ ಒಬ್ಬಾಕಿ ನನ್ನ ಕೈ ಬಿಡಲಿಲ್ಲ ಯಕ್ಕಾ" ಎಂದಳು. ನಾನು ಆ ಗಂಜಿಯನ್ನು ಕುಡಿದೆ.

ಉಳಿದಂತೆ ನಮ್ಮ ಬಾಳು ಚೆನ್ನಾಗಿಯೇ ನಡೆಯಿತು, ಅದನ್ನೂ ಮುಚ್ಚಿಡುವುದಿಲ್ಲ. ಸುಮಾ ಸವಣೂರಿನಲ್ಲಿ ಸುಖವಾಗಿದ್ದಾಳೆ. ಊರೂ ಗಟ್ಟಿಯಾಗಿದೆ. ಮಾಡಿದ ತಪ್ಪು ಒಳಗೆ ಕುಟುಕುತ್ತಿತ್ತೋ ಏನೋ, ಆ ಕೋಣೆಗೆ ನಾನು ಕೈಕಾಲು ಸವೆಸಿದೆ. ಹಗ್ಗ ಬಂತು, ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬುಗಳು ಬಂದವು, ಅಟ್ಟದ ಮೇಲೆ ಒಣ ಸೌದೆ, ಕುಡಿಯುವ ನೀರಿನ ಡ್ರಮ್ಮು, ಬಾಣಂತಿಯರಿಗೆಂದೇ ಬೇರೆ ಡಬ್ಬಿ, ಇಬ್ಬರಿಲ್ಲದೆ ಪೆಟ್ಟಿಗೆ ತೆರೆಯಬಾರದೆಂಬ ಕಟ್ಟಳೆ. ಆಮೇಲೆ ಹೊಳೆ ಬಂದಾಗಲೆಲ್ಲ ದಿಬ್ಬದ ಮೇಲೆ ಜನ ಬೆಚ್ಚಗೆ ಉಂಡು, ಹರಟೆ ಹೊಡೆದು, ನೀರು ಇಳಿದ ಮೇಲೆ ಮನೆಗೆ ಹೋಗಿದ್ದಾರೆ. ಒಮ್ಮೆ ಜೀಪಿನ ಸಾಹೇಬರಿಗೂ ನಾವೇ ರೊಟ್ಟಿ ಕೊಟ್ಟು ಕಳಿಸಿದೆವು!

ಹೆಸರೂ ಆಯಿತು. ಈ ಬೇಸಿಗೆಯಲ್ಲಿ ಶಿಗ್ಗಾಂವಿ ಕಡೆಯ ಒಂದು ಊರಿನ ಹೆಂಗಸರು ನಮ್ಮ ಪೆಟ್ಟಿಗೆ ನೋಡಿ ಕಲಿಯಲು ಬಂದರು. ನಾನು ಒಂದೊಂದೇ ತೋರಿಸಿ ಹೇಳುತ್ತಿದ್ದೆ. ಅವರಲ್ಲೊಬ್ಬ ಹುಡುಗಿ ಕೇಳಿದಳು, "ಪೆಟಿಗಿ ತೆಗೀಬೇಕಂದ್ರ ಯಾವಾಗಲೂ ಇಬ್ರು ಇರಬೇಕಂತೀರಲ್ರಿ, ಯಾಕ್ರಿ?"

ನನ್ನ ಬಾಯಿ ತಾನೇ ಹೊರಟಿತು. "ಹಿಂದ ಒಮ್ಮೆ ನಮ್ಮವರೊಬ್ಬಾಕಿ..." ಎಂದೆ. ಎಂದು ತಲೆ ಎತ್ತಿದರೆ ಬಾಗಿಲಲ್ಲಿ ಗಂಗವ್ವ, ಬಂದವರಿಗೆಂದು ಚಹಾದ ಕಿಟ್ಲಿ ಹಿಡಿದು ನಿಂತಿದ್ದಾಳೆ. ಕಿಟ್ಲಿಯನ್ನು ಹೊಸ್ತಿಲ ಮೇಲಿಟ್ಟು ಹೋದಳು.

ಮರುದಿನ ಮಧ್ಯಾಹ್ನ ಅವಳ ಮನೆಗೆ ಹೋದೆ. ಒಲೆಯ ಮುಂದೆ ಪೆಟ್ಟಿಗೆಯ ರೊಟ್ಟಿಯನ್ನೇ ಬಡಿಯುತ್ತಿದ್ದಳು. "ಬಾ ಯಕ್ಕಾ, ಕುಂದರ" ಎಂದಳು. ಕುಳಿತು ಎಲ್ಲ ಹೇಳಿದೆ, ಬೀಗರಿಂದ ಹಿಡಿದು ರವದಿಯವರೆಗೆ. ಬಡಿಯುತ್ತಿದ್ದ ರೊಟ್ಟಿಯನ್ನು ಅವಳು ಹಂಚಿಗೆ ಹಾಕಿದಳು, ನೀರು ಸವರಿದಳು, ತಿರುವಿ ಹಾಕುವುದನ್ನು ಮಾತ್ರ ಮರೆತಳು.

"ರವದಿ ತುಂಬಿದಾಕಿ ನೀನಾ?"

"ಹೂಂ."

"ಆಮ್ಯಾಲೆ ಹೋಗ್ಲಿ ಬಿಡ್ರೆವಾ ಅಂದಾಕಿನೂ ನೀನ."

"ಹೂಂ ಗಂಗವ್ವ. ಇಷ್ಟ್ ವರ್ಷ ಎದಿಮ್ಯಾಲೆ ಕಲ್ಲಿಟ್ಟಂಗಿತ್ತು. ಇವತ್ತ ನಿನ್ನ ಮುಂದ ಹೇಳಿದೆ, ಹಗುರಾತು."

"ನಿನಗ ಹಗುರಾತು" ಎಂದಳು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. "ನಾ ತಗೊಂಡಿಲ್ಲ ಅನ್ನೂದು ನನಗ ಮೊದಲ ಗೊತ್ತಿತ್ತು ಯಕ್ಕಾ. ಅದನ್ನ ನನಗ್ಯಾಕ ಹೇಳ್ತಿ? ಗೊತ್ತಿಲ್ಲದಾವ್ರಿಗೆ ಹೇಳು."

ಸೀದ ರೊಟ್ಟಿಯನ್ನು ತೆಗೆದು ಆಕಳಿಗೆ ಇಟ್ಟು ಬಂದು, ಬೇರೆ ಹಿಟ್ಟು ನಾದಲು ಕುಳಿತಳು. ನನ್ನ ಕಡೆ ಮತ್ತೆ ನೋಡಲಿಲ್ಲ. ನಾನು ಎದ್ದು ಬಂದೆ.

ಪೆಟ್ಟಿಗೆ ತುಂಬುವ ದಿನ ಊರಿನ ಹೆಂಗಸರೆಲ್ಲ ಗಂಟು ಹಿಡಿದು ಗುಡಿಯಲ್ಲಿ ಸೇರಿದ್ದರು. ಗಂಗವ್ವ ಎಂದಿನಂತೆ ಹೊಸ್ತಿಲ ಹೊರಗಿದ್ದಳು. ಪೆಟ್ಟಿಗೆ ಹಿಡಿದು ನಿಂತೆ. "ಅವತ್ತ ಇದರಾಗ ರವದಿ ತುಂಬಿದಾಕಿ ನಾನು. ಒಳಗಿನ ರೊಟ್ಟಿ ನನ್ನ ಬೀಗರಿಗೆ ಉಣ್ಣಾಕ ಹಾಕಿದೆ. ಗಂಗವ್ವನ ತಪ್ಪು ಏನೂ ಇಲ್ಲ, ಇದ್ದಿದ್ದೂ ಇಲ್ಲ" ಎಂದೆ.

ನೀಲವ್ವ ಮುಂದೆ ಬಂದಳು. ಅಂದು ಅತ್ತ ಆ ಕೂಸು ಈಗ ಅವಳಷ್ಟೇ ಎತ್ತರ ಬೆಳೆದು, ಗಂಟು ಹಿಡಿದು ಅವಳ ಪಕ್ಕದಲ್ಲೇ ನಿಂತಿತ್ತು.

"ನನ್ನ ಕೂಸು ಅಳೂದು ನಿನಗ ಕೇಳಸ್ತಿತ್ತಲ್ಲ ಶಾಂತವ್ವ?"

"ಕೇಳಸ್ತಿತ್ತು."

ನಾನು ಸೆರಗಿನ ಗಂಟು ಬಿಚ್ಚಿ ಚಾವಿ ಮುಂದೆ ಹಿಡಿದೆ. ಚನ್ನವ್ವ ಅದನ್ನು ಇಸಿದುಕೊಂಡು ಬಾಗಿಲಿಗೆ ಹೋಗಿ, "ಒಳಗ ಬಾರವಾ ಗಂಗವ್ವ. ನಾನೂ ತಪ್ಪು ಮಾತಾಡಿದ್ದೆ" ಎಂದಳು. ಗಂಗವ್ವ ಹೊಸ್ತಿಲು ದಾಟಿ ಒಳಗೆ ಬಂದು ಪೆಟ್ಟಿಗೆಯ ಮುಂದೆ ಕುಳಿತಳು.

ಒಬ್ಬೊಬ್ಬರೇ ಗಂಟು ಕೊಟ್ಟರು. ಗಂಗವ್ವ ಕೈಯಲ್ಲಿ ಹಿಡಿದು, "ಭಾಳ ಛಲೋ ಒಣಗ್ಯಾವ ನೋಡವಾ" ಎನ್ನುತ್ತ, ನಗುತ್ತ, ಬಿಚ್ಚದೆಯೇ ಒಳಗಿಡುತ್ತಿದ್ದಳು. ಇಷ್ಟು ವರ್ಷದ ಮೇಲೆ ಅವಳ ಆ ನಗು ಕೇಳಿ ನನಗೆ ನಿಜಕ್ಕೂ ಸಂತೋಷವಾಯಿತು. ನನ್ನ ಸರದಿ ಬಂತು. ನನ್ನ ಗಂಟನ್ನು ಅವಳು ತೊಡೆಯ ಮೇಲಿಟ್ಟುಕೊಂಡು ಬಿಚ್ಚಿದಳು. ಮೇಲಿನ ರೊಟ್ಟಿ ಸರಿಸಿದಳು, ನಡುವಿನದನ್ನು ಸರಿಸಿದಳು, ತಳದವರೆಗೆ ಕೈ ಹಾಕಿ ನೋಡಿದಳು. ಎಲ್ಲರೂ ನೋಡುತ್ತಿದ್ದರು. ನಾನು ತಲೆ ತಗ್ಗಿಸದೆ ನಿಂತೆ.

"ಬರೋಬ್ಬರಿ ಅದಾವ" ಎಂದು ಮತ್ತೆ ಕಟ್ಟಿ ಪೆಟ್ಟಿಗೆಯಲ್ಲಿಟ್ಟಳು.

ಮುಂದಿನ ಬೇಸಿಗೆಗೂ ಅವಳು ಹಾಗೆಯೇ ನೋಡಲಿ. ಬಿಚ್ಚಲು ಅವಳಿಗೆ ತೊಂದರೆಯಾಗದಂತೆ ನಾನು ಗಂಟನ್ನು ಸಡಿಲವಾಗಿಯೇ ಕಟ್ಟಿಕೊಂಡು ಹೋಗುತ್ತೇನೆ.