ಮೂರು ಕೋಟ್ ಬಣ್ಣದ ಏಣಿ

ವಿಮೆ ಕಂಪನಿಯ ಪರವಾಗಿ ಸೂರತ್‌ನ ಸಚಿನ್ ಕೈಗಾರಿಕಾ ಪ್ರದೇಶದಲ್ಲಿ ಒಂದು ಬಟ್ಟೆ ಗಿರಣಿಯ ಬೆಂಕಿ ಬಿದ್ದಾಗ ಬಳಸುವ ಏಣಿ ಪರೀಕ್ಷಿಸಲು ಹೋಗಿದ್ದೆ. ಹಗ್ಗ ಎಳೆದರೆ ಏಣಿಯ ಮೇಲಿನ ಭಾಗ ಜಾರಿಕೊಂಡು ಏರಬೇಕು, ಅದರ ಎರಡು ಕೊಕ್ಕೆಗಳು ಕೆಳಗಿನ ಭಾಗದ ಮೆಟ್ಟಿಲನ್ನು ಕಚ್ಚಿ ಹಿಡಿಯಬೇಕು. ಎಳೆದೆ, ಜೋತುಬಿದ್ದು ಎಳೆದೆ. ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಕೊಕ್ಕೆ, ಮೆಟ್ಟಿಲು, ಕೊನೆಗೆ ಹಗ್ಗಕ್ಕೂ ಕೆಂಪು ಬಣ್ಣ ಬಳಿದು ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿದ್ದವು.

"ನೀವು ಬರ್ತೀರಿ ಅಂತಲೇ ಮೂರು ಕೋಟ್ ಹೊಡೆಸಿದ್ದು ಸಾಹೇಬ್," ಎಂದರು ಮ್ಯಾನೇಜರ್ ಜಿಗ್ನೇಶ್‌ಭಾಯ್, ಹಿಂದಿಯಲ್ಲಿ.

"ಬೆಂಕಿ ಬಿದ್ರೆ ಮೇಲಿನ ಮಹಡಿಯವರನ್ನ ಇಳಿಸೋದು ಹೇಗ್ರೀ?"

"ಮೊದಲು ಚಾ ಕುಡೀರಿ."

ತಲೆ ಚಿಟ್ಟು ಹಿಡಿಯಿತು. ಬಣ್ಣ ಪೂರ್ತಿ ಕೆರೆಸಬೇಕು ಎಂದು ವರದಿ ಬರೆದು ಬಂದೆ. ಮೊನ್ನೆ ಅವರದೇ ಫೋನು: "ಕೆರೆಸಿದ್ವಿ ಸಾಹೇಬ್, ಏಣಿ ಸಲೀಸಾಗಿ ಏರ್ತಿದೆ. ನೀವು ಮತ್ತೆ ಬರೋ ದಿನ ಹೇಳಿಬಿಡಿ, ಪೇಂಟರ್‌ಗೆ ತಿಳಿಸ್ಬೇಕು."