ಗುರಿಗಾಜಿನೊಳಗಿನ ಗೊದಮೊಟ್ಟೆ

ರೂಬೆನ್ ಕಾಂಗಾಸ್ ಹರೆಯದಿಂದಲೂ ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸಿದವನು. ಅದರಲ್ಲೊಂದು ದಿಮ್ಮಿ ಬಲಭುಜದ ಮೇಲೆ ಉರುಳಿದ ಮೇಲೆ ರೈಫಲಿನ ಒದೆ ತಾಳುವುದು ಅವನಿಂದಾಗಲಿಲ್ಲ. ರಿವಾಲ್ವರ್ ಹಿಡಿದ. ಸೀಡರ್ ಮರಕ್ಕೆ ಬೆನ್ನು ಕೊಟ್ಟು, ಮೊಣಕೈಗಳನ್ನು ಮಂಡಿಗೆ ಊರಿ ಕೂತನೆಂದರೆ ಜಿಂಕೆ ಹತ್ತಿರ ಬರುವ ತನಕ ಕೆಮ್ಮುತ್ತಲೂ ಇರಲಿಲ್ಲ. ಸುಪೀರಿಯರ್ ಸರೋವರದ ಈಚೆಯ ನಮ್ಮ ಕಾಡಿನಲ್ಲಿ ನವೆಂಬರ್ ಬಂತೆಂದರೆ ಗಂಡಸರು ಬೇಟೆ ಬಿಡಾರ ಸೇರುತ್ತಾರೆ. ರೂಬೆನ್ ಇಲ್ಲದ ಬಿಡಾರವನ್ನು ಯಾರೂ ಕಂಡಿರಲಿಲ್ಲ.

ಬಿಡಾರದ ಕಾನೂನು ಒಂದೇ. ಗುರಿ ತಪ್ಪಿದವನ ಅಂಗಿಯ ಹಿಂದಿನ ಅಂಚು ಕತ್ತರಿಸಿ ಒಲೆಯ ಮೇಲಿನ ಗೋಡೆಗೆ ಮೊಳೆ ಹೊಡೆಯುವುದು. ಹೋದ ವರ್ಷ ರೂಬೆನ್ನನ ಅಂಗಿಗೆ ಕತ್ತರಿ ಬಿತ್ತು. ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಕಬ್ಬಿಣದ ಮುಳ್ಳು ವಯಸ್ಸಾದ ಕಣ್ಣಿಗೆ ಮಂಜಾಗಿ, ಗುಂಡು ಜಿಂಕೆಯ ಹೊಟ್ಟೆಗೆ ತಗುಲಿತ್ತು. ರಕ್ತದ ಜಾಡು ಹಿಡಿದು ಹುಡುಕಿದ್ದೇ ಬಂತು, ಜೌಗಿನಲ್ಲಿ ಜಿಂಕೆ ಸಿಗಲಿಲ್ಲ. ಅಂಗಿ ಹೋಯಿತೆಂದು ಎಲ್ಲರೂ ನಕ್ಕರು. ರೂಬೆನ್ ನಗಲಿಲ್ಲ.

"ಇನ್ನೊಂದು ಜಿಂಕೆನ ಹಂಗೆ ನರಳಕ್ಕೆ ಬಿಟ್ರೆ, ಈ ರಿವಾಲ್ವರ್ ನಿಂದು ಕಣೋ," ಎಂದು ಹೆಂಡತಿಯ ತಮ್ಮ ಲೇಲ್ಯಾಂಡ್‌ಗೆ ಹೇಳಿದ.

"ಸಾಕ್ಷಿ ಇದಾರೆ ಭಾವ, ನೆನಪಿರ್ಲಿ," ಎಂದ ಲೇಲ್ಯಾಂಡ್.

ರಿವಾಲ್ವರ್ ಹೋದರೆ ರೂಬೆನ್ನನಿಗೆ ಬೇಟೆಯೂ ಹೋದಂತೆ. ಅದಕ್ಕೇ ಈ ಬೇಸಿಗೆಯಲ್ಲಿ ಕೆಂಪು ಚುಕ್ಕಿಯ ಗುರಿಗಾಜು ತಂದು ಅದರ ಮೇಲೆ ಕೂರಿಸಿದ. ಗುಂಡಿಯಂಥ ಒಂದು ಬ್ಯಾಟರಿಯಿಂದ ಉರಿಯುವ ಚುಕ್ಕಿ. ಕಣ್ಣು ಜಿಂಕೆಯ ಮೇಲಿದ್ದರೆ ಸಾಕು, ಚುಕ್ಕಿ ಅಲ್ಲೇ ಕಾಣುತ್ತದೆ, ಮುಳ್ಳು ಹುಡುಕುವ ಕಾಟವಿಲ್ಲ ಎಂದು ಅಂಗಡಿಯವನು ಹೇಳಿದ್ದ. ರೂಬೆನ್ ನೋಡಿದಾಗ ಒಳಗೆ ಚುಕ್ಕಿ ಇರಲಿಲ್ಲ. ಗೊದಮೊಟ್ಟೆ ಇತ್ತು. ದಪ್ಪ ತಲೆ, ಕೆಳಕ್ಕೆ ಬಾಗಿದ ಬಾಲ.

ಬ್ಯಾಟರಿಯದೇ ದೋಷವೆಂದು ತೀರ್ಮಾನಿಸಿದ. ಹೆಂಡತಿ ಡೋರೀನಳ ಅಡುಗೆಮನೆಯ ತಕ್ಕಡಿಯಿಂದ ಬ್ಯಾಟರಿ ಕಿತ್ತು ಹಾಕಿದ. ಗೊದಮೊಟ್ಟೆ ಹೋಗಲಿಲ್ಲ. ಗ್ಯಾರೇಜಿನ ರಿಮೋಟಿನದನ್ನೂ ಕಿತ್ತ. ಗ್ಯಾರೇಜಿನ ಬಾಗಿಲು ನಿಂತಿತು, ಗೊದಮೊಟ್ಟೆ ಹೋಗಲಿಲ್ಲ. ಗುರಿಗಾಜನ್ನು ಬಿಚ್ಚಿಕೊಂಡು ಅಂಗಡಿಗೆ ಹೋಗಿ ಜಗಳ ತೆಗೆದ. ಅಂಗಡಿಯವನು ನೋಡಿ, "ಗುಂಡಗೇ ಇದೆಯಲ್ಲ ಯಜಮಾನ್ರೇ," ಎಂದ. ಸಾಲಿನಲ್ಲಿ ನಿಂತಿದ್ದ ಹೆಂಗಸೂ ಇಣುಕಿ ಗುಂಡಗಿದೆ ಎಂದಳು. ಅವಳನ್ನು ಯಾರೂ ಕೇಳಿರಲಿಲ್ಲ.

ಮನೆಯಲ್ಲಿ ಡೋರೀನ್ ಗುರಿಗಾಜನ್ನು ಮೇಜಿನ ಮೇಲಿಟ್ಟು, ಹಿಂದಿನಿಂದ ಫೋನಿನಲ್ಲಿ ಫೋಟೊ ತೆಗೆದಳು. ಫೋಟೊದಲ್ಲಿ ಚುಕ್ಕಿ ದುಂಡಗಿತ್ತು.

"ನೋಡು. ಫೋನಿಗೆ ಬಾಲ ಕಾಣ್ಲಿಲ್ಲ. ಬಾಲ ಇರೋದು ನಿನ್ನ ಕಣ್ಣಲ್ಲಿ."

"ಫೋನಿಗೇನು ಗೊತ್ತು, ಅದು ಬೇಟೆ ಆಡಿದೆಯಾ?"

"ಆಡಿಲ್ಲ. ಅಂಗೀನೂ ಕಳ್ಕೊಂಡಿಲ್ಲ."

ಕಣ್ಣಿನ ಡಾಕ್ಟರು ಡಿಸೆಂಬರಿಗೆ ಮೊದಲು ಸಿಗುವುದಿಲ್ಲವೆಂದರು. ಅಷ್ಟರಲ್ಲಿ ಬೇಟೆ ಮುಗಿದಿರುತ್ತದೆ. ರೂಬೆನ್ ಯಾರಿಗೂ ಹೇಳದೆ ಜಲ್ಲಿಗುಂಡಿಗೆ ಹೋಗಿ ಕಾಗದದ ತಟ್ಟೆಗಳಿಗೆ ಹೊಡೆಯತೊಡಗಿದ. ಆಗ ಒಂದು ಸಂಗತಿ ಗೊತ್ತಾಯಿತು. ಚುಕ್ಕಿಯ ಬೆಳಕನ್ನು ಅವನು ಪೂರ್ತಿ ಏರಿಸಿಯೇ ಇಟ್ಟಿದ್ದ. ಕೊಟ್ಟ ಬೆಳಕನ್ನು ಅರ್ಧ ಬಳಸುವವನು ಪೆದ್ದ ಎಂಬುದು ಅವನ ಮತ. ಇಳಿಸಿದರೆ ಬಾಲ ಮಾಯವಾಗುತ್ತಿತ್ತು. ಆದರೆ ಬಿಸಿಲಿನಲ್ಲಿ ಚುಕ್ಕಿಯೂ ಮಾಯವಾಗುತ್ತಿತ್ತು. ಅಂದರೆ ಮಬ್ಬಿನಲ್ಲಿ ಅವನು ಬೇಟೆಗಾರ, ಬಿಸಿಲಿನಲ್ಲಿ ಪ್ರೇಕ್ಷಕ.

ಬೇಟೆಯ ಮೊದಲ ದಿನವೇ, ಹಿಮದ ಮೇಲೆ ಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದಾಗ, ದೊಡ್ಡ ಕೊಂಬಿನ ಗಂಡು ಜಿಂಕೆ ಬಂದು ಅವನೆದುರು ಅಡ್ಡಲಾಗಿ ನಿಂತಿತು. ಅಂಥ ಕೊಂಬು ನಮ್ಮ ಕಡೆ ಆಗೀಗ ಹುಟ್ಟುವಂಥದ್ದು. ಇಳಿಸಿಟ್ಟ ಚುಕ್ಕಿ ಹಿಮದಲ್ಲಿ ಕಾಣಲಿಲ್ಲ. ಏರಿಸಿದ. ಗೊದಮೊಟ್ಟೆಯ ತಲೆ ಜಿಂಕೆಯ ಭುಜದ ಮೇಲೆ ಕೂತಿತು, ಬಾಲ ಹೊಟ್ಟೆಯ ಮೇಲೆ ಬಿತ್ತು. ಹೊಟ್ಟೆ ಕಂಡದ್ದೇ ಹೋದ ವರ್ಷದ ಜೌಗು ನೆನಪಾಯಿತು. ರೂಬೆನ್ ರಿವಾಲ್ವರನ್ನು ಮಂಡಿಯ ಮೇಲೆ ಇಳಿಸಿದ. ಜಿಂಕೆ ಕಾಲು ಕೆರೆದು, ಬೇಕಾದಷ್ಟು ಹೊತ್ತು ನಿಂತು, ಹೋಯಿತು.

ದಿಬ್ಬದ ಮೇಲೆ ಕೂತಿದ್ದ ಲೇಲ್ಯಾಂಡ್ ಇದನ್ನೆಲ್ಲ ನೋಡಿದ್ದ. ಊಟಕ್ಕೆ ಬಂದಾಗ ಕತ್ತರಿ ಕೈಯಲ್ಲೇ ಇತ್ತು.

"ಏನ್ ಭಾವ, ಅದರ ಜೊತೆ ಮಾತಾಡ್ತಿದ್ದೆಯಾ? ಯಾಕೆ ಹೊಡೀಲಿಲ್ಲ?"

ರೂಬೆನ್ ಮಾಂಸದ ಕಡುಬನ್ನು ತಟ್ಟೆಯಲ್ಲಿಟ್ಟ. "ಚುಕ್ಕಿಗೆ ಬಾಲ ಇದೆ, ಗೊದಮೊಟ್ಟೆ ಥರ. ನನ್ನ ಕಣ್ಣು ಸರಿಯಿಲ್ಲ."

ಬಿಡಾರದಲ್ಲಿ ಇಂಥ ಮಾತನ್ನು ಯಾರೂ ಆಡುವುದಿಲ್ಲ. ಸೊಂಟ ನೋವೆನ್ನುತ್ತಾರೆ, ಗಾಳಿ ಎನ್ನುತ್ತಾರೆ, ಕಂಪನಿಯ ಗುಂಡನ್ನು ಬೈಯುತ್ತಾರೆ. ಲೇಲ್ಯಾಂಡ್ ಸ್ವಲ್ಪ ಹೊತ್ತು ಗೋಡೆಯ ಅಂಗಿಚೂರುಗಳನ್ನು ನೋಡಿದ. ಅವುಗಳಲ್ಲಿ ಅವನವೇ ಹೆಚ್ಚು.

"ಹೊಡೀದೆ ಇದ್ದೋನಿಗೆ ಕಾನೂನಿಲ್ಲ," ಎಂದು ಕತ್ತರಿ ಇಟ್ಟ. "ಅಲ್ಲ, ಈ ಕಣ್ಣಲ್ಲಿ ನನ್ನ ಬೆಳಿಗ್ಗೆ ಕಾರಲ್ಲಿ ಕರ್ಕೊಂಡ್ ಬಂದ್ಯಾ?"

"ರಸ್ತೆಗೆ ಬಾಲ ಇಲ್ಲ."

ಸಂಜೆ ಬೆಳಕು ಇಳಿಯುವ ಹೊತ್ತಿಗೆ ಎಳೇ ಗಂಡು ಜಿಂಕೆಯೊಂದು ಬಂತು. ಬೆರಳುದ್ದದ ಎರಡು ಕೊಂಬು. ಇಳಿಸಿದ ಚುಕ್ಕಿ ದುಂಡಗೆ ಭುಜದ ಹಿಂದೆ ಕೂತಿತು. ಒಂದೇ ಗುಂಡು. ಜಿಂಕೆ ನಾಲ್ಕು ಹೆಜ್ಜೆ ಓಡಿ ಕಣ್ಣೆದುರೇ ಬಿತ್ತು. ರೂಬೆನ್ ಹೋಗಿ ಅದರ ಪಕ್ಕ ಮಂಡಿಯೂರಿ, ಸತ್ತಿದೆಯೆಂದು ಖಾತ್ರಿ ಮಾಡಿಕೊಂಡು, ಅಲ್ಲೇ ಹಿಮದಲ್ಲಿ ಕೂತುಬಿಟ್ಟ.

ಲೇಲ್ಯಾಂಡ್ ಬಂದು ಕೊಂಬು ನೋಡಿದ. "ನಿನ್ನ ಗೊದಮೊಟ್ಟೆಗೆ ಕಾಲು ಬಂದಂಗಿದೆ ಭಾವ. ಇನ್ನೊಂದಿಷ್ಟು ದಿನ ಬಿಟ್ಟಿದ್ರೆ ಕೊಂಬೂ ಬರ್ತಿತ್ತು."

ರೂಬೆನ್ ರಿವಾಲ್ವರನ್ನು ಸೊಂಟಕ್ಕೆ ಸಿಕ್ಕಿಸಿ, ಹಗ್ಗದ ತುದಿ ಅವನ ಕೈಗಿತ್ತ. "ಎಳಿ."

ಮನೆಯಲ್ಲಿ ಡೋರೀನ್ ಮಾಂಸ ಕೊಚ್ಚಿ, ಉಪ್ಪು ತೂಗಲು ತಕ್ಕಡಿ ತೆಗೆದಳು. ಅದು ಸತ್ತಿತ್ತು.

"ಬಿಡು, ನಾನು ಕಣ್ಣಂದಾಜಲ್ಲಿ ಹಾಕ್ತೀನಿ," ಎಂದ ರೂಬೆನ್.

ಡೋರೀನ್ ಅಂಗೈ ಚಾಚಿದಳು. ರೂಬೆನ್ ಗುರಿಗಾಜು ಬಿಚ್ಚಿ, ಬ್ಯಾಟರಿ ತೆಗೆದು ಅದರಲ್ಲಿಟ್ಟ.